ಚಿಲಿಕಾ ಸರೋವರದ ಚಳಿಗಾಲ: ಜಾತ್ರೆಯ ದೋಣಿ, ಬೇಟೆಗಾರನ ಕಣ್ಣು ಮತ್ತು ಪ್ರವಾಸಕಥನ

ಒಡಿಶಾದ ಪುರಿ, ಖೋರ್ಧಾ ಮತ್ತು ಗಂಜಾಂ ಜಿಲ್ಲೆಗಳ ನಡುವೆ ಹರಡಿಕೊಂಡಿರುವ ಚಿಲಿಕಾ ಸರೋವರವು ಪ್ರತಿ ಜನವರಿಯ ಮೊದಲ ಹದಿನೈದು ದಿನಗಳಲ್ಲಿ ಎರಡು ಬೇರೆ ಬೇರೆ ಯಾತ್ರೆಗಳನ್ನು ಕಾಣುತ್ತದೆ. ಒಂದು, ಉತ್ತರದಿಂದ ಬಂದಿಳಿದ ನೀರುಹಕ್ಕಿಗಳನ್ನು ಎಣಿಸಲು ಮತ್ತು ನೋಡಲು ಹೊರಟವರದು. ಇನ್ನೊಂದು, ಮಕರ ಸಂಕ್ರಾಂತಿಯ ಮೇಳಕ್ಕೆಂದು ಕಾಳಿಜಾಯಿ ದೇವಿಯ ನಡುಗಡ್ಡೆಗೆ ಹೊರಟ ಭಕ್ತಸಮೂಹದ್ದು. ಬಾಲುಗಾಂವ್ ಮತ್ತು ಬರಕುಲ್‌ಗಳ ಕಟ್ಟೆಯಿಂದ ಹೊರಡುವ ದೋಣಿಗಳು ಎರಡೂ ಬಗೆಯ ಯಾತ್ರಿಕರನ್ನು ಹೊರುತ್ತವೆ. ಆದರೆ ಸರೋವರದ ಬಗ್ಗೆ ಬರೆಯಲಾಗಿರುವ ಸಾಹಿತ್ಯವನ್ನು ಪರಿಶೀಲಿಸಿದರೆ ಈ ಎರಡು ಯಾತ್ರೆಗಳು ಒಂದೇ ನೀರಿನ ಮೇಲೆ ನಡೆಯುತ್ತಿವೆ ಎಂಬ ಸಂಗತಿಯೇ ಮರೆತುಹೋದಂತೆ ಕಾಣುತ್ತದೆ. ಪಕ್ಷಿಶಾಸ್ತ್ರದ ಬರಹಗಳಲ್ಲಿ ಕಾಳಿಜಾಯಿ ಒಂದು ಸ್ಥಳನಾಮ ಮಾತ್ರ. ಸ್ಥಳಪುರಾಣಗಳ ಸಂಗ್ರಹಗಳಲ್ಲಿ ಹಕ್ಕಿಗಳಿಗೆ ಪ್ರವೇಶವಿಲ್ಲ. ಪ್ರವಾಸೋದ್ಯಮದ ಪ್ರಚಾರಸಾಹಿತ್ಯವಂತೂ ಎರಡನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ಮುದ್ರಿಸಿ, ಅವುಗಳ ನಡುವಿನ ಸಂಬಂಧದ ಪ್ರಶ್ನೆಯನ್ನು ಎತ್ತದೆಯೇ ಮುಂದೆ ಸಾಗುತ್ತದೆ.

ಪ್ರಸ್ತುತ ಲೇಖನವು ಈ ಪ್ರಚಾರಸಾಹಿತ್ಯವನ್ನೂ, ಅದನ್ನು ಆಧರಿಸಿ ಪತ್ರಿಕೆಗಳಲ್ಲಿ ಹಾಗೂ ಸಂರಕ್ಷಣೆಯ ವರದಿಗಳಲ್ಲಿ ಬೆಳೆದುಬಂದಿರುವ ಕಥನವನ್ನೂ ಒಂದು ಪಠ್ಯವೆಂದು ಭಾವಿಸಿ ಓದುತ್ತದೆ. ಚಳಿಗಾಲದ ಪ್ರವಾಸ ಮತ್ತು ವನ್ಯಜೀವಿ ವೀಕ್ಷಣೆ ಎಂಬುದು ಕೇವಲ ಬಿಡುವಿನ ಕಾಲದ ಹವ್ಯಾಸವಲ್ಲ. ಅದು ತನ್ನದೇ ಆದ ಆಶಯಗಳನ್ನು, ಪಾತ್ರಗಳನ್ನು, ಆರಂಭ-ಅಂತ್ಯಗಳನ್ನು ಉಳ್ಳ ಆಖ್ಯಾನ. ಆಖ್ಯಾನವಾದ್ದರಿಂದಲೇ ಅದು ಏನನ್ನು ಹೇಳುತ್ತದೆ ಎಂಬುದರ ಜೊತೆಗೆ ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನೂ ಕೇಳಬೇಕಾಗುತ್ತದೆ.

ಚಿಲಿಕೆಯ ಸ್ವರೂಪವನ್ನು ಸಂಕ್ಷಿಪ್ತವಾಗಿ ನೆನಪಿಸಿಕೊಳ್ಳುವುದು ಅಗತ್ಯ. ಇದು ಸಿಹಿನೀರಿನ ಕೆರೆಯೂ ಅಲ್ಲ, ಸಮುದ್ರವೂ ಅಲ್ಲ. ಮಹಾನದಿಯ ಕವಲುಗಳು ಉತ್ತರದಿಂದ ಸಿಹಿನೀರನ್ನು ತರುತ್ತವೆ. ಬಂಗಾಳಕೊಲ್ಲಿಯ ಉಪ್ಪುನೀರು ಅಳಿವೆಯ ಮೂಲಕ ಒಳನುಗ್ಗುತ್ತದೆ. ಮಳೆಗಾಲದಲ್ಲಿ 1100 ಚದರ ಕಿಲೋಮೀಟರಿಗೂ ಮೀರಿ ಹರಡುವ ನೀರು ಬೇಸಿಗೆಯಲ್ಲಿ 900ರ ಆಸುಪಾಸಿಗೆ ಇಳಿಯುತ್ತದೆ. ಮಳೆ ನಿಂತು ನೀರು ತಗ್ಗಿದಾಗ ನಳಬಣದಂತಹ ಜವುಗು ದ್ವೀಪಗಳು ಮೇಲೇಳುತ್ತವೆ. ಕೆಸರು, ಜೊಂಡು, ತಿಳಿನೀರುಗಳು ಕೂಡಿದ ಆ ಹೊತ್ತಿಗೆ ಸರಿಯಾಗಿ ಹಕ್ಕಿಗಳು ಬಂದಿಳಿಯುತ್ತವೆ. 1981ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿದ ಭಾರತದ ಮೊದಲ ಎರಡು ತಾಣಗಳಲ್ಲಿ ಇದೂ ಒಂದು. ನಳಬಣವನ್ನು 1987ರಲ್ಲಿ ಪಕ್ಷಿಧಾಮವೆಂದು ಘೋಷಿಸಲಾಯಿತು. ಇತ್ತೀಚಿನ ವರ್ಷಗಳ ಜನವರಿ ಗಣತಿಗಳಲ್ಲಿ ಇಲ್ಲಿಯ ಹಕ್ಕಿಗಳ ಸಂಖ್ಯೆ ಹತ್ತು ಲಕ್ಷವನ್ನು ದಾಟಿದ್ದುಂಟು. ಉತ್ತರ ಏಷ್ಯಾದ ನೀರುಗಳು ಹೆಪ್ಪುಗಟ್ಟಿರುವ ಕಾಲದಲ್ಲಿ ಚಿಲಿಕೆಯ ದಂಡೆಯಲ್ಲಿ ಹಗಲು ಬಿಸಿಲು ಚುರುಗುಟ್ಟುತ್ತಿರುತ್ತದೆ. ಸೂಜಿಬಾಲದ ಬಾತು, ಚಲುಕದ ಬಾತು, ಪಟ್ಟೆತಲೆ ಹೆಬ್ಬಾತು, ಹಿನ್ನೀರ ಗೊರವ, ರಾಜಹಂಸಗಳು ಬರುವುದೂ, ಅವುಗಳನ್ನು ನೋಡಲು ಜನ ಬರುವುದೂ ಒಂದೇ ಕಾರಣಕ್ಕೆ.

ಈ ಹಕ್ಕಿಗಳನ್ನು ಕುರಿತ ಬರಹಗಳಲ್ಲಿ ತಪ್ಪದೆ ಬರುವ ಪದ 'ವಿದೇಶಿ ಅತಿಥಿಗಳು'. ಒಡಿಯಾ ಪತ್ರಿಕೆಗಳ 'ವಿದೇಶಿ ಪಕ್ಷಿ', ಬಂಗಾಳಿಯ 'ಅತಿಥಿ ಪಾಖಿ', ಕನ್ನಡ ಪತ್ರಿಕೆಗಳು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಬಗ್ಗೆ ಪ್ರತಿ ಚಳಿಗಾಲದಲ್ಲಿ ಅಚ್ಚುಹಾಕುವ ಶೀರ್ಷಿಕೆ, ಇವೆಲ್ಲವೂ ಒಂದೇ ರೂಪಕದ ರೂಪಾಂತರಗಳು. ನೋಡಲು ನಿರಪಾಯಕರವೆನಿಸುವ, ಹಕ್ಕಿಗೆ ಗೌರವವನ್ನೇ ಸೂಚಿಸುವ ಈ ರೂಪಕದಲ್ಲಿ ಎರಡು ದೋಷಗಳಿವೆ. ಮೊದಲನೆಯದು ವಾಸ್ತವಕ್ಕೆ ಸಂಬಂಧಿಸಿದ್ದು. ಅಕ್ಟೋಬರಿನಲ್ಲಿ ಬಂದು ಮಾರ್ಚಿನವರೆಗೆ ಇರುವ ಹಕ್ಕಿ ವರ್ಷದ ಅರ್ಧವನ್ನು ಇಲ್ಲಿಯೇ ಕಳೆಯುತ್ತದೆ. ಉತ್ತರ ಧ್ರುವದ ಸಮೀಪದಲ್ಲಿ ಮರಿಮಾಡುವ ಹಲವು ಗೊರವಗಳು ಅಲ್ಲಿರುವುದು ಎರಡು ಮೂರು ತಿಂಗಳು ಮಾತ್ರ. ಪಟ್ಟೆತಲೆ ಹೆಬ್ಬಾತು ಟಿಬೆಟ್, ಮಂಗೋಲಿಯಾಗಳಲ್ಲಿ ಮಾತ್ರವಲ್ಲದೆ ನಮ್ಮದೇ ಲಡಾಖಿನ ಸರೋವರಗಳಲ್ಲಿಯೂ ಮರಿಮಾಡುತ್ತದೆ. ಅರ್ಧ ಆಯುಷ್ಯವನ್ನು ಇಲ್ಲಿ ಕಳೆಯುವ ಜೀವಿಯನ್ನು ಯಾವ ಅರ್ಥದಲ್ಲಿ ವಿದೇಶಿ ಎನ್ನುವುದು? ರಾಷ್ಟ್ರದ ಗಡಿಯನ್ನು ಹಕ್ಕಿಯ ಮೇಲೆ ಹೇರುವ ಈ ಮಾತು ಹಕ್ಕಿಗಿಂತ ಹೆಚ್ಚಾಗಿ ಹೇಳುವವರ ಬಗ್ಗೆಯೇ ತಿಳಿಸುತ್ತದೆ.

ಎರಡನೆಯ ದೋಷ ಹೆಚ್ಚು ಗಂಭೀರವಾದುದು. ಅತಿಥಿ ಎಂದರೆ ಮನೆಯ ಮೇಲೆ ಹಕ್ಕಿಲ್ಲದವನು. ಸತ್ಕಾರ ಮಾಡುವುದು, ಬಿಡುವುದು ಮನೆಯ ಯಜಮಾನನ ಔದಾರ್ಯಕ್ಕೆ ಸೇರಿದ್ದು. ಹಾಗಾದರೆ ಚಿಲಿಕೆಯ ಯಜಮಾನ ಯಾರು? ಪ್ರಚಾರಸಾಹಿತ್ಯದಲ್ಲಿ ಸ್ವಾಗತ ಕೋರುವ ಧ್ವನಿ ರಾಜ್ಯದ್ದು. ಸ್ವಾಗತ ಪಡೆಯುವವರು ಹಕ್ಕಿ ಮತ್ತು ಪ್ರವಾಸಿ. ದಂಡೆಯ ಮೇಲೆ ನೂರಾರು ಹಳ್ಳಿಗಳಲ್ಲಿ ವಾಸಿಸುವ ಕೇಉಟ, ಕಂಡರಾ, ತಿಅರ, ನೋಳಿಯಾ ಮೊದಲಾದ ಮೀನುಗಾರ ಸಮುದಾಯಗಳಿಗೆ ಈ ವಾಕ್ಯದಲ್ಲಿ ಕರ್ತೃಸ್ಥಾನವೂ ಇಲ್ಲ, ಕರ್ಮಸ್ಥಾನವೂ ಇಲ್ಲ. ಅತಿಥಿಯಲ್ಲದ, ವರ್ಷವಿಡೀ ಅದೇ ಜೊಂಡಿನಲ್ಲಿ ಬದುಕುವ ನೇರಳೆ ಜಂಬುಕೋಳಿ, ದೇವನಕ್ಕಿಗಳಿಗೂ ಪತ್ರಿಕೆಗಳ ಶೀರ್ಷಿಕೆಯಲ್ಲಿ ಸ್ಥಾನವಿಲ್ಲ ಎಂಬುದು ಗಮನಾರ್ಹ. ಊರಲ್ಲೇ ಇರುವವರನ್ನು ಮರೆಸುವ ಗುಣ ಈ ರೂಪಕಕ್ಕೆ ಹುಟ್ಟಿನಿಂದಲೇ ಬಂದಿದೆ.

ಇದಕ್ಕೆ ಪ್ರತಿಯಾಗಿ ಕನ್ನಡ ಜನಪದರು ಬಳಸುವ ಇನ್ನೊಂದು ರೂಪಕವನ್ನು ಇಲ್ಲಿ ಪಕ್ಕಕ್ಕಿಟ್ಟು ನೋಡಬಹುದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಗೂಡುಕಟ್ಟುವ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳನ್ನು ಅಲ್ಲಿಯ ಜನ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕರೆಯುತ್ತಾರೆ. ಅತಿಥಿಗೂ ತವರಿಗೆ ಬಂದ ಮಗಳಿಗೂ ಇರುವ ಅಂತರವನ್ನು ತ್ರಿಪದಿಗಳ ಪರಂಪರೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮಗಳು ಬರುವುದು ಹಕ್ಕಿನಿಂದ. ಅವಳ ಬಾಣಂತನ ಮನೆಗೆ ಖರ್ಚೂ ಹೌದು, ಕರ್ತವ್ಯವೂ ಹೌದು. ಅವಳು ಬಾರದಿದ್ದ ವರ್ಷ ಊರಿಗೇ ಕೇಡು ಎಂಬ ಭಾವನೆಯೂ ಅದರೊಳಗೆ ಇದೆ. ಮುಖ್ಯವಾಗಿ, ತವರು ಎಂಬ ಪದವನ್ನು ಉಚ್ಚರಿಸಿದ ಕೂಡಲೇ ಅಲ್ಲಿ ವಾಸವಿರುವ ತಾಯಿ, ತಂದೆ, ಅಣ್ಣ, ಅತ್ತಿಗೆಯರು ಕಥನದೊಳಗೆ ಬಂದೇ ಬರುತ್ತಾರೆ. ಊರನ್ನು ಬಿಟ್ಟು ತವರಿಲ್ಲ. ಈ ದೃಷ್ಟಿಯಿಂದ ಇದು ಪ್ರವಾಸಕಥನದ ರೂಪಕಕ್ಕಿಂತ ಸತ್ಯಕ್ಕೆ ಹತ್ತಿರವಾದುದು.

ಇದೇ ಆಶಯವನ್ನು ತಿಳಿದೂ ತಿಳಿದೂ ಪ್ರಚಾರಕ್ಕೆ ಬಳಸಿಕೊಂಡ ಉದಾಹರಣೆಯೊಂದು ಗುಜರಾತಿನ ಸೌರಾಷ್ಟ್ರ ಕರಾವಳಿಯಲ್ಲಿದೆ. ಅಲ್ಲಿ ಬೇಟೆಗೆ ಗುರಿಯಾಗಿದ್ದ ತಿಮಿಂಗಿಲ ಶಾರ್ಕನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. 2004ರಲ್ಲಿ ಆರಂಭವಾದ ಪ್ರಚಾರಾಂದೋಲನದಲ್ಲಿ ಕಥಾವಾಚಕ ಮೊರಾರಿ ಬಾಪು ಅವರು ಆ ಮೀನನ್ನು ಹೆರಿಗೆಗೆ ತವರಿಗೆ ಬರುವ ಪ್ರೀತಿಯ ಮಗಳು, 'ವ್ಹಾಲಿ' ಎಂದು ಕರೆದರು. ಬಲೆಗೆ ಬಿದ್ದ ಮೀನನ್ನು ತಮ್ಮ ಬಲೆಯನ್ನೇ ಕತ್ತರಿಸಿ ಬಿಟ್ಟುಕೊಡಲು ಮೀನುಗಾರರು ಮುಂದಾದರು. ಹರಿದ ಬಲೆಗೆ ಪರಿಹಾರ ನೀಡುವ ವ್ಯವಸ್ಥೆಯೂ ಅದರ ಜೊತೆಗಿತ್ತು ಎಂಬುದನ್ನು ರೂಪಕದ ಶಕ್ತಿಯನ್ನು ಕೊಂಡಾಡುವವರು ಮರೆಯಬಾರದು. ಕೊಕ್ಕರೆಬೆಳ್ಳೂರಿನಲ್ಲಿ ಊರಿನ ಬಾಯಲ್ಲಿ ಉಳಿದುಬಂದ ಮಾತು ಸೌರಾಷ್ಟ್ರದಲ್ಲಿ ವೇದಿಕೆಯ ಮೇಲಿನಿಂದ ಬಂದಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವಾದರೂ, ಜನಪದ ಆಶಯವೊಂದು ಕರಾವಳಿಯ ಜೀವಿಯನ್ನು ಕುರಿತ ನಡವಳಿಕೆಯನ್ನು ಬದಲಿಸಬಲ್ಲದು ಎಂಬುದಕ್ಕೆ ಎರಡೂ ಸಾಕ್ಷಿ.

ಹಾಗಾದರೆ ಚಿಲಿಕೆಯು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಕಥೆ ಯಾವುದು? ಅದು ಬರುವ ಅತಿಥಿಯದೂ ಅಲ್ಲ, ತವರಿಗೆ ಮರಳಿದ ಮಗಳದೂ ಅಲ್ಲ. ಹೊರಟು ತಲುಪದೇ ಹೋದವಳದು. ಜಾಯಿ ಎಂಬ ಹುಡುಗಿಗೆ ಪಾರಿಕುದ ದ್ವೀಪದ ಕಡೆಗೆ ಮದುವೆಯಾಗುತ್ತದೆ. ತಂದೆಯ ಜೊತೆ ದೋಣಿಯಲ್ಲಿ ಗಂಡನ ಮನೆಗೆ ಹೊರಡುತ್ತಾಳೆ. ನಡುನೀರಿನಲ್ಲಿ ಬಿರುಗಾಳಿ ಎದ್ದು ದೋಣಿ ಮಗುಚುತ್ತದೆ. ತಂದೆಯೂ ಅಂಬಿಗರೂ ಬದುಕಿ ಉಳಿಯುತ್ತಾರೆ. ಹುಡುಗಿ ಮಾತ್ರ ಸಿಗುವುದಿಲ್ಲ. ಮುಂದೆ ಆ ದಾರಿಯಲ್ಲಿ ಸಾಗುವ ದೋಣಿಗಳವರಿಗೆ ಅವಳ ಇರವು ಅನುಭವಕ್ಕೆ ಬರತೊಡಗಿ, ಕಾಳಿಯೊಡನೆ ಒಂದಾಗಿ ಕಾಳಿಜಾಯಿ ಎಂಬ ಹೆಸರಿನಿಂದ ಅವಳು ಸರೋವರದ ಅಧಿದೇವತೆಯಾಗುತ್ತಾಳೆ. ಚಿಲಿಕೆಯ ದಂಡೆಯ ಬಾಣಪುರದ ಕಡೆಯವರೇ ಆದ ಕವಿ ಗೋದಾವರೀಶ ಮಿಶ್ರ ಅವರ (1886–1956) ಕಥನಕವನದ ಮೂಲಕ ಈ ಐತಿಹ್ಯ ಒಡಿಶಾದ ಮನೆಮನೆಗೂ ತಲುಪಿತು.

ಕನ್ನಡದ ಓದುಗರಿಗೆ ಇಲ್ಲಿ 'ಕೆರೆಗೆ ಹಾರ' ನೆನಪಾಗುವುದು ಸಹಜ. ಕಲ್ಲನಕೇರಿಯ ಮಲ್ಲನಗೌಡನ ಕಿರಿಯ ಸೊಸೆ ಭಾಗೀರಥಿಯೂ ನೀರಿಗೆ ಸಂದವಳೇ, ದೇವತೆಯಂತೆ ಸ್ಮರಣೆಗೊಂಡವಳೇ. ಎರಡೂ ಕಥೆಗಳಲ್ಲಿ ತವರು ಮತ್ತು ಅತ್ತೆಮನೆಗಳ ನಡುವಿನ ಹಾದಿಯಲ್ಲಿ ಹೆಣ್ಣೊಬ್ಬಳು ನೀರಿನ ಪಾಲಾಗುತ್ತಾಳೆ. ಆದರೆ ಹೋಲಿಕೆಯನ್ನು ಇಷ್ಟಕ್ಕೇ ಮುಗಿಸಿದರೆ ವ್ಯತ್ಯಾಸ ಕಣ್ಮರೆಯಾಗುತ್ತದೆ. ಭಾಗೀರಥಿಯನ್ನು ಬಲಿಗೊಡುವುದು ಮನುಷ್ಯರ ನಿರ್ಧಾರ. ಕೆರೆ ಮನುಷ್ಯರು ತೋಡಿಸಿದ್ದು, ಒಕ್ಕಲುತನದ ಸಮಾಜಕ್ಕೆ ನೀರು ನಿಲ್ಲಬೇಕಾಗಿದೆ. ಚಿಲಿಕೆಯಲ್ಲಿ ಯಾರೂ ಹುಡುಗಿಯನ್ನು ಕೊಡುವುದಿಲ್ಲ, ನೀರೇ ಕೊಳ್ಳುತ್ತದೆ. ಅದು ಮೀನುಗಾರರ, ಅಂಬಿಗರ ಸಮಾಜದ ಕಥೆ. ನೀರು ತನ್ನ ಅಂಕೆಯಲ್ಲಿಲ್ಲ ಎಂಬ ಅರಿವು ಅದರ ಮೂಲದ್ರವ್ಯ. 'ಕೆರೆಗೆ ಹಾರ'ದ ಕೇಂದ್ರದಲ್ಲಿ ಮನೆತನದ ಕ್ರೌರ್ಯವಿದ್ದರೆ ಕಾಳಿಜಾಯಿಯ ಕೇಂದ್ರದಲ್ಲಿ ಬದುಕಿ ಉಳಿದ ದೋಣಿಯವರ ಅಳುಕಿದೆ. ಕಥೆಯನ್ನು ಹೇಳಲು ಉಳಿದವರು ಅವರೇ ಅಲ್ಲವೇ? ಹೀಗಾಗಿ ಈ ಐತಿಹ್ಯವನ್ನು ದೇವಾಲಯದ ಸ್ಥಳಪುರಾಣವೆಂದಲ್ಲದೆ, ವೃತ್ತಿಸಮುದಾಯವೊಂದು ತನ್ನ ಹೊಣೆಗಾರಿಕೆಯನ್ನು ಕುರಿತು ತಾನೇ ಹೇಳಿಕೊಂಡ ಕಥೆ ಎಂದು ಓದುವುದು ಹೆಚ್ಚು ಉಚಿತ. ದೋಣಿಯಲ್ಲಿ ಕೂತವರ ಜೀವ ದೋಣಿ ನಡೆಸುವವನ ಅರಿವಿನ ಮೇಲೆ ನಿಂತಿದೆ. ಗಾಳಿಯ ದಿಕ್ಕು, ಮೋಡದ ಬಣ್ಣ, ನೀರಿನ ಆಳ, ಹಕ್ಕಿಗಳು ಎದ್ದು ಕೂರುವ ಬಗೆ ಇವೆಲ್ಲ ಆ ಅರಿವಿನ ಅಂಗಗಳು. ಮಕರ ಮೇಳದ ಯಾತ್ರೆ ಈ ಅವಲಂಬನೆಯನ್ನು ವರ್ಷಕ್ಕೊಮ್ಮೆ ಬಹಿರಂಗವಾಗಿ ಒಪ್ಪಿಕೊಳ್ಳುತ್ತದೆ. ವೀಕ್ಷಣಾ ಪ್ರವಾಸ ಅದನ್ನು ಬಾಡಿಗೆಯ ದರಪಟ್ಟಿಯೊಳಗೆ ಮುಚ್ಚಿಡುತ್ತದೆ.

ಒಡಿಯಾದ ಶಿಷ್ಟಕಾವ್ಯದಲ್ಲಿಯೂ ಚಿಲಿಕೆಯನ್ನು ದೂರದಿಂದ ನೋಡುವ ಪರಂಪರೆಯೊಂದಿದೆ. ರಾಧಾನಾಥ ರಾಯರ (1848–1908) 'ಚಿಲಿಕಾ' ಕಾವ್ಯವನ್ನು ಪ್ರಕೃತಿವರ್ಣನೆಯ ಮೈಲಿಗಲ್ಲೆಂದು ಎಣಿಸಲಾಗುತ್ತದೆ. ಗೋಪಬಂಧು ದಾಸರು (1877–1928) ರೈಲಿನಿಂದ ಕಂಡ ಚಿಲಿಕೆಯನ್ನೇ ಕವಿತೆಯ ವಸ್ತುವಾಗಿಸಿಕೊಂಡರು. ಮದರಾಸು-ಕಲ್ಕತ್ತಾ ರೈಲುಮಾರ್ಗವು ಸರೋವರದ ಪಶ್ಚಿಮ ದಂಡೆಯ ಉದ್ದಕ್ಕೂ ಸಾಗುವುದರಿಂದ ಕಿಟಕಿಯ ಚೌಕಟ್ಟಿನೊಳಗಿನ ಚಿಲಿಕೆ ಹೊಸ ಕಾಲದ ನೋಟವಾಯಿತು. ಆ ಕವಿಗಳ ಕಾಳಜಿಗಳು ಬೇರೆ, ಎತ್ತರ ಬೇರೆ. ಪ್ರಚಾರಪತ್ರಿಕೆಯ ಜೊತೆ ಅವರನ್ನು ಇಡುವುದು ಅನ್ಯಾಯವಾದೀತು. ಆದರೂ ಪ್ರಯಾಣಿಕನ ಕಣ್ಣು ಮತ್ತು ಅಂಬಿಗನ ಕಣ್ಣುಗಳ ನಡುವೆ ಒಂದು ಬಿರುಕು ಆ ಕಾಲದಲ್ಲಿಯೇ ಬಿದ್ದಿತ್ತು ಎಂಬುದನ್ನು ಗುರುತಿಸದೆ ಇರಲಾಗದು.

ಈಗ ಪ್ರವಾಸಕಥನದ ಅತ್ಯಂತ ಜನಪ್ರಿಯ ಅಧ್ಯಾಯಕ್ಕೆ ಬರಬಹುದು. ಖೋರ್ಧಾ ಜಿಲ್ಲೆಯ ಟಾಂಗಿ ಪ್ರದೇಶದಲ್ಲಿ, ಸರೋವರದ ಉತ್ತರ ಅಂಚಿನ ಜವುಗಿನಲ್ಲಿರುವ ಮಂಗಳಾಜೋಡಿಯು ಮೀನುಗಾರರ ಮತ್ತು ಮರದ ದೋಣಿ ಕಟ್ಟುವವರ ಊರು. 1990ರ ದಶಕದ ಕೊನೆಯವರೆಗೆ ಇಲ್ಲಿ ಹಕ್ಕಿಬೇಟೆ ಹೇರಳವಾಗಿತ್ತು. ಕೋವಿ, ಬಲೆಗಳ ಜೊತೆಗೆ ವಿಷವನ್ನೂ ಬಳಸಿ ಕೊಂದ ಹಕ್ಕಿಗಳು ಮಾಂಸಕ್ಕಾಗಿ ಮಾರಾಟವಾಗುತ್ತಿದ್ದವು. ಸಂರಕ್ಷಣಾ ಕಾರ್ಯಕರ್ತರ ಮನವೊಲಿಕೆಯಿಂದ 2000ದಲ್ಲಿ ಬೇಟೆಗಾರರೇ ಸೇರಿ 'ಶ್ರೀ ಶ್ರೀ ಮಹಾವೀರ ಪಕ್ಷಿ ಸುರಕ್ಷಾ ಸಮಿತಿ'ಯನ್ನು ರಚಿಸಿಕೊಂಡರು. ಕಾವಲುಗಾರರಾದರು, ಮುಂದೆ ಪ್ರವಾಸಿಗರ ಮಾರ್ಗದರ್ಶಿಗಳಾದರು. ಕೆಲವು ಸಾವಿರಕ್ಕೆ ಕುಸಿದಿದ್ದ ಹಕ್ಕಿಗಳು ಮತ್ತೆ ಲಕ್ಷಗಳ ಲೆಕ್ಕಕ್ಕೆ ಏರಿದವು. 2018ರಲ್ಲಿ ಇಲ್ಲಿಯ ಪ್ರವಾಸೋದ್ಯಮ ಟ್ರಸ್ಟಿಗೆ ವಿಶ್ವ ಪ್ರವಾಸೋದ್ಯಮ ಸಂಸ್ಥೆಯ ಪ್ರಶಸ್ತಿ ಸಂದಿತು. ಇದು ನಿಜವಾಗಿಯೂ ದೊಡ್ಡ ಸಾಧನೆ. ಅದನ್ನು ಅಲ್ಲಗಳೆಯುವ ಉದ್ದೇಶ ಇಲ್ಲಿಲ್ಲ. ವಿಮರ್ಶೆಗೆ ಒಳಗಾಗಬೇಕಾದುದು ಅದನ್ನು ಹೇಳುವ ಬಗೆ.

ಆ ಬಗೆ ಯಾವುದೆಂದು ಭಾರತೀಯ ಓದುಗನಿಗೆ ತಕ್ಷಣ ತಿಳಿಯುತ್ತದೆ: ಬೇಡನಾಗಿದ್ದವನು ಋಷಿಯಾದ ವಾಲ್ಮೀಕಿಯ ಐತಿಹ್ಯ. ವರದಿಗಾರರು ಅನೇಕ ಸಲ ಆ ಹೆಸರನ್ನೇ ಹಿಡಿದು ಹೋಲಿಸದಿದ್ದರೂ ಕಥೆಯ ಎಲುಬುಗೂಡು ಅದೇ. ಕತ್ತಲೆಯ ಪೂರ್ವಾರ್ಧ, ಉಪದೇಶಕನ ಆಗಮನ, ಪಶ್ಚಾತ್ತಾಪ, ಹೊಸ ಜನ್ಮ. ಈ ಮಾದರಿಯಲ್ಲಿ ಹಳೆಯ ಬದುಕಿಗೆ ಬೆಲೆಯಿಲ್ಲ. ಅದು ತೊಳೆದುಹೋಗಬೇಕಾದ ಪಾಪ. ಆದರೆ ಮಂಗಳಾಜೋಡಿಯ ಜೊಂಡಿನ ನಡುವೆ ಕೋಲು ಊರಿ ದೋಣಿ ನಡೆಸುವ ಮಾರ್ಗದರ್ಶಿಯ ಬಳಿ ಇರುವ ಬಂಡವಾಳ ಯಾವುದು? ಹಕ್ಕಿ ಎಲ್ಲಿ ಮೇಯುತ್ತದೆ, ಯಾವ ಹೊತ್ತಿಗೆ ಎಲ್ಲಿಗೆ ಸರಿಯುತ್ತದೆ, ಯಾವ ಸದ್ದಿಗೆ ಬೆದರುತ್ತದೆ, ಎಷ್ಟು ಹತ್ತಿರ ಹೋದರೆ ರೆಕ್ಕೆ ಬಿಚ್ಚುತ್ತದೆ ಎಂಬ ತಿಳಿವಳಿಕೆ. ಅದಷ್ಟೂ ಬೇಟೆಯಿಂದ ಬಂದದ್ದು. ಪ್ರವಾಸಿಯು ಹಣ ತೆತ್ತು ಪಡೆಯುವ ನೋಟವು ಬೇಟೆಗಾರನ ನೋಟವೇ; ಕೊನೆಯ ಗಳಿಗೆಯಲ್ಲಿ ಕೋವಿಯ ಜಾಗಕ್ಕೆ ಕ್ಯಾಮೆರಾ ಬಂದಿದೆ.

ಆದ್ದರಿಂದ ಈ ಸ್ಥಿತ್ಯಂತರವನ್ನು ಅರಿಯಲು ವಾಲ್ಮೀಕಿಗಿಂತ ಬೇಡರ ಕಣ್ಣಪ್ಪನ ಮಾದರಿ ಹೆಚ್ಚು ಸಮರ್ಪಕ. ಹರಿಹರನ ರಗಳೆಯಲ್ಲಿಯೂ, ಜನಪದ ಕಥನಗಳಲ್ಲಿಯೂ, ಅಲ್ಲಿಂದ ರಂಗಭೂಮಿಗೂ ಚಲನಚಿತ್ರಕ್ಕೂ ಹರಿದುಬಂದ ಕಣ್ಣಪ್ಪನು ಬೇಡತನವನ್ನು ಕಳೆದುಕೊಂಡು ಭಕ್ತನಾದವನಲ್ಲ. ಅವನು ಬೇಡನಾಗಿಯೇ ಭಕ್ತ. ಬೇಟೆಯಾಡಿ ತಂದ ಮಾಂಸವೇ ಅವನ ನೈವೇದ್ಯ. ಅವನ ಕುಶಲತೆಯೇ ಅವನ ಪೂಜೆ. ಶಿಷ್ಟಾಚಾರದ ಅರ್ಚಕನಿಗೆ ಅದು ಮೈಲಿಗೆಯಾಗಿ ಕಂಡರೂ ದೇವರಿಗೆ ಹಾಗೆ ಕಾಣಲಿಲ್ಲ. ಕೊನೆಗೆ ಅವನು ಅರ್ಪಿಸಿದ್ದು ಕಣ್ಣನ್ನು. ಬೇಟೆಗಾರನ ಅತಿಮುಖ್ಯ ಸಾಧನ ಅದೇ ತಾನೆ. ಎರಡು ಮಾದರಿಗಳ ಅಂತರ ಕೇವಲ ಸಾಹಿತ್ಯಕವಲ್ಲ. ವಾಲ್ಮೀಕಿ ಮಾದರಿಯಲ್ಲಿ ಹೇಳಿದಾಗ ಹಳ್ಳಿಗ ತಪ್ಪಿತಸ್ಥನಾಗಿ, ಉದ್ಧಾರಕ್ಕೆ ಋಣಿಯಾಗಿ ನಿಲ್ಲುತ್ತಾನೆ. ಕಣ್ಣಪ್ಪನ ಮಾದರಿಯಲ್ಲಿ ಹೇಳಿದಾಗ ಅವನು ವಿದ್ಯಾವಂತ. ತನ್ನ ವಿದ್ಯೆಗೆ ಹೊಸ ವಿನಿಯೋಗವನ್ನು ಕಂಡುಕೊಂಡವನು. ಸಂಭಾವನೆಯ ಪ್ರಶ್ನೆಯೂ, ನಿರ್ಣಯಗಳಲ್ಲಿ ಪಾಲುಗಾರಿಕೆಯ ಪ್ರಶ್ನೆಯೂ ಈ ಎರಡರಲ್ಲಿ ಯಾವುದನ್ನು ಒಪ್ಪುತ್ತೇವೆ ಎಂಬುದನ್ನು ಅವಲಂಬಿಸಿವೆ.

ಇಲ್ಲಿ ಇನ್ನೊಂದು ತಾರತಮ್ಯವನ್ನೂ ಎತ್ತಿ ತೋರಿಸಬೇಕು. ಭಾರತದ ಪಕ್ಷಿಶಾಸ್ತ್ರವೇ ಕೋವಿಯ ನಳಿಕೆಯಿಂದ ಹುಟ್ಟಿಬಂದದ್ದು. ಎ.ಓ. ಹ್ಯೂಮ್ ಸಂಗ್ರಹಿಸಿದ ಸಾವಿರಾರು ಮಾದರಿಗಳು ಹೊಡೆದುರುಳಿಸಿದ ಹಕ್ಕಿಗಳೇ. ಸಾಲಿಂ ಅಲಿ ಅವರ ಪಕ್ಷಿಜೀವನ ಆರಂಭವಾದದ್ದು ಬಾಲ್ಯದಲ್ಲಿ ಏರ್‌ಗನ್ನಿನಿಂದ ಹೊಡೆದ ಒಂದು ಗುಬ್ಬಚ್ಚಿಯಿಂದ ಎಂಬುದನ್ನು ಅವರ ಆತ್ಮಕಥೆಯ ಶೀರ್ಷಿಕೆಯೇ ಸಾರುತ್ತದೆ. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಕೋವಿಯಿಂದ ಕ್ಯಾಮೆರಾದ ಕಡೆಗೆ ಬಂದ ದಾರಿ ಓದುಗರಿಗೆ ಪರಿಚಿತ. ಬ್ರಿಟಿಷ್ ಅಧಿಕಾರಿಗಳಿಗೂ ದೇಶೀ ಅರಸುಮನೆತನಗಳ ಅತಿಥಿಗಳಿಗೂ ಚಿಲಿಕೆ ಬಾತುಬೇಟೆಯ ತಾಣವಾಗಿತ್ತು. 1914ರ ಸುಮಾರಿಗೆ ನೆಲ್ಸನ್ ಅನ್ನಂಡೇಲ್ ಮತ್ತು ಸ್ಟಾನ್ಲಿ ಕೆಂಪ್ ನಡೆಸಿದ ಪ್ರಾಣಿಸಮೀಕ್ಷೆ ಸರೋವರದ ವೈಜ್ಞಾನಿಕ ಅಧ್ಯಯನಕ್ಕೆ ತಳಹದಿ ಹಾಕಿತು. (ಬರಕುಡಾ ದ್ವೀಪದಿಂದ ಅನ್ನಂಡೇಲ್ 1917ರಲ್ಲಿ ವರ್ಣಿಸಿದ ಕಾಲಿಲ್ಲದ ಹಾವುರಾಣಿಯನ್ನು ನೋಡಲು ಯಾವ ಪ್ರವಾಸಿಯೂ ದೋಣಿ ಹತ್ತಿದಂತಿಲ್ಲ, ಮಣ್ಣಿನಡಿ ವಾಸಿಸುವ ಜೀವಿಗೆ ಅಷ್ಟರಮಟ್ಟಿಗೆ ನೆಮ್ಮದಿ.) ಇವರಾರನ್ನೂ ಪಶ್ಚಾತ್ತಾಪಪಟ್ಟ ಪಾಪಿಗಳೆಂದು ನಾವು ಚಿತ್ರಿಸುವುದಿಲ್ಲ, ಚಿತ್ರಿಸಬೇಕಾಗಿಯೂ ಇಲ್ಲ. ಅವರ ಬೇಟೆ ವಿಜ್ಞಾನದ ಪೂರ್ವಪೀಠಿಕೆ, ಹೆಚ್ಚೆಂದರೆ ಆ ಕಾಲದ ವಾಡಿಕೆ. ಮಂಗಳಾಜೋಡಿಯವನ ಬೇಟೆ ಮಾತ್ರ 'ಕಳ್ಳಬೇಟೆ'. 1972ರ ಕಾಯಿದೆಯ ನಂತರ ಆ ವಿಶೇಷಣಕ್ಕೆ ಶಾಸನದ ಆಧಾರವಿದೆ ಎಂಬುದು ನಿಜ. ವಿಷವಿಟ್ಟು ಕೊಲ್ಲುವುದನ್ನು ಯಾವ ವಾಡಿಕೆಯ ಹೆಸರಿನಲ್ಲಿಯೂ ಸಮರ್ಥಿಸಲಾಗದು ಎಂಬುದೂ ನಿಜ. ಆದರೆ ಒಬ್ಬನ ಬೇಟೆ ಅವನ ಜ್ಞಾನಕ್ಕೆ ಮುನ್ನುಡಿಯಾಗುವುದೂ, ಇನ್ನೊಬ್ಬನ ಬೇಟೆ ಅವನ ಜ್ಞಾನಕ್ಕೆ ಕಳಂಕವಾಗುವುದೂ ಕಾಯಿದೆಯಿಂದ ಹುಟ್ಟಿದ ಭೇದವಲ್ಲ.

ಕಥನದ ಕಾಲಗಣನೆಯಲ್ಲಿಯೂ ಒಂದು ಲೋಪವಿದೆ. ಮಂಗಳಾಜೋಡಿಯ ಕಥೆ ಸಾಮಾನ್ಯವಾಗಿ 2000ದಿಂದ ಆರಂಭವಾಗುತ್ತದೆ. ಅದಕ್ಕೆ ಹಿಂದಿನದೆಲ್ಲ ಬರಿಯ ಬೇಟೆ. ವಾಸ್ತವದಲ್ಲಿ ಆ ಹಿಂದಿನ ದಶಕ ಚಿಲಿಕೆಯ ಇತಿಹಾಸದಲ್ಲಿ ಅತ್ಯಂತ ಪ್ರಕ್ಷುಬ್ಧವಾದುದು. ಅಳಿವೆ ಹೂಳು ತುಂಬಿ ಉಪ್ಪುನೀರಿನ ಒಳಹರಿವು ಕುಗ್ಗಿತ್ತು, ಕಳೆ ಹಬ್ಬಿತ್ತು, ಮೀನಿನ ಇಳುವರಿ ಕುಸಿದಿತ್ತು. 1993ರಲ್ಲಿ ರಾಮ್ಸಾರ್ ವ್ಯವಸ್ಥೆಯೇ ಸರೋವರವನ್ನು ಅಪಾಯಕ್ಕೊಳಗಾದ ತಾಣಗಳ ಮಾಂಟ್ರೋ ದಾಖಲೆಗೆ ಸೇರಿಸಿತು. ಇದೇ ಕಾಲದಲ್ಲಿ ಸೀಗಡಿಯ ಹೊರದೇಶದ ಬೇಡಿಕೆಯಿಂದಾಗಿ ಮೀನುಗಾರರ ಪಾರಂಪರಿಕ ನೀರುಗಳನ್ನು ಬೇಲಿಹಾಕಿ ಸುತ್ತ ಕಟ್ಟುವ 'ಘೇರಿ'ಗಳು ಎದ್ದವು. 1990ರ ದಶಕದ ಆರಂಭದಲ್ಲಿ 'ಚಿಲಿಕಾ ಬಚಾವೋ ಆಂದೋಲನ'ವು ದೊಡ್ಡ ಪ್ರಮಾಣದ ಸೀಗಡಿ ಯೋಜನೆಯೊಂದನ್ನು ತಡೆಯಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಚಿಲಿಕಾ ಮತ್ತು ಪುಲಿಕಾಟ್ ಸರೋವರಗಳ ಸುತ್ತ 1000 ಮೀಟರಿನೊಳಗೆ ಸೀಗಡಿ ಸಾಕಣೆಯನ್ನು ನಿಷೇಧಿಸಿತು. ಘೇರಿಗಳು ಉಳಿದವು. 1999ರ ಮೇ 29ರಂದು ಮೀನುಗಾರರು ತಾವೇ ಘೇರಿಗಳನ್ನು ಕೀಳಲು ಮುಂದಾದರು. ಅದೇ ರಾತ್ರಿ ಸೋರಣಾ ಗ್ರಾಮದಲ್ಲಿ ನಡೆದ ಪೊಲೀಸ್ ಗೋಲಿಬಾರಿನಲ್ಲಿ ನಾಲ್ವರು ಸತ್ತರು.

ಸೋರಣಾ ಇರುವುದು ಮಂಗಳಾಜೋಡಿಯಿರುವ ಉತ್ತರ ಚಿಲಿಕೆಯಲ್ಲಿಯೇ. ಪಕ್ಷಿ ಸುರಕ್ಷಾ ಸಮಿತಿ ಹುಟ್ಟಿದ್ದು ಅದರ ಮರುವರ್ಷ. 2000ದ ಸೆಪ್ಟೆಂಬರಿನಲ್ಲಿ ಸಿಪಕುಡಾದ ಬಳಿ ಹೊಸ ಅಳಿವೆಯನ್ನು ತೆರೆಯಲಾಯಿತು. ಉಪ್ಪುನೀರು ಮರಳಿತು, ಮೀನು ಮರಳಿತು. 2002ರಲ್ಲಿ ಮಾಂಟ್ರೋ ದಾಖಲೆಯಿಂದ ಚಿಲಿಕೆಯ ಹೆಸರು ಹೊರಬಂದು ಚಿಲಿಕಾ ಅಭಿವೃದ್ಧಿ ಪ್ರಾಧಿಕಾರಕ್ಕೆ ರಾಮ್ಸಾರ್ ಪ್ರಶಸ್ತಿಯೂ ದೊರೆಯಿತು. ಹಕ್ಕಿಬೇಟೆ ಹೆಚ್ಚಿದ್ದಕ್ಕೂ ಮೀನು ಕೈಕೊಟ್ಟದ್ದಕ್ಕೂ ನೇರ ಗೆರೆ ಎಳೆಯುವುದು ಅವಸರವಾದೀತು. ಬೇಟೆ ಅದಕ್ಕಿಂತ ಹಳೆಯದು. ಆದರೆ ನೀರಿನ ಹಕ್ಕಿಗಾಗಿ ಜನ ಜೀವ ತೆತ್ತ ದಂಡೆಯ ಕಥೆಯನ್ನು ಹೇಳುವಾಗ ಆ ಹಕ್ಕಿನ ಮಾತನ್ನೇ ಬಿಟ್ಟು, ರೆಕ್ಕೆಯ ಹಕ್ಕಿಯನ್ನು ಮಾತ್ರ ಉಳಿಸಿಕೊಂಡರೆ ಕಥೆ ಅರ್ಧವಾಗುತ್ತದೆ. ಆ ಅರ್ಧಕಥೆಯೇ ಪ್ರಶಸ್ತಿಪತ್ರಗಳಲ್ಲಿಯೂ ಪ್ರವಾಸಿ ಕೈಪಿಡಿಗಳಲ್ಲಿಯೂ ಪುನರಾವರ್ತನೆಗೊಳ್ಳುತ್ತ ಬಂದಿದೆ.

ಸಾತಪಡಾದ ಕಡೆಯ ಡಾಲ್ಫಿನ್ ವೀಕ್ಷಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಲ್ಲಿರುವ ಇರಾವದಿ ಡಾಲ್ಫಿನ್‌ಗಳು ಒಟ್ಟು ಒಂದೂವರೆ ನೂರರ ಆಸುಪಾಸು. ಮೂತಿಯಿಲ್ಲದ ದುಂಡುತಲೆಯ ಈ ಪ್ರಾಣಿ ಚಿತ್ರಗಳಲ್ಲಿ ಕಾಣುವಂತೆ ನೆಗೆದು ಕುಣಿಯುವುದು ಅಪರೂಪ. ಮೆಲ್ಲನೆ ಮೇಲೆದ್ದು ಉಸಿರೆಳೆದು ಮುಳುಗುತ್ತದೆ. ನೆಗೆತವನ್ನು ನಿರೀಕ್ಷಿಸಿ ಬಂದವರಿಗಾಗಿ ಯಂತ್ರದೋಣಿಗಳು ಅದನ್ನು ಸುತ್ತುವರಿದು ಅಟ್ಟಿದ ಉದಾಹರಣೆಗಳಿವೆ. ಇದಕ್ಕೆ ವಿರುದ್ಧವಾಗಿ, ಗೂಟ ನೆಟ್ಟು ಬಲೆ ಕಟ್ಟುವ ಮೀನುಗಾರರು ಡಾಲ್ಫಿನ್ ಬಳಿ ಸುಳಿದಾಗ ಮೀನು ಬಲೆಯತ್ತ ಸರಿಯುತ್ತದೆಂದು ನಂಬುತ್ತಾರೆ. ಆ ನಂಬಿಕೆಗೆ ಇಳುವರಿಯ ಆಧಾರವೂ ಇದೆಯೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇಲ್ಲಿ ಡಾಲ್ಫಿನ್ ನೋಟದ ವಸ್ತುವಲ್ಲ, ಕೆಲಸದ ಜೊತೆಗಾರ. ಅಂತಹ ಸಂಬಂಧಕ್ಕೆ ಪ್ರವಾಸ ಕೈಪಿಡಿಯ ಭಾಷೆಯಲ್ಲಿ ಪದವಿಲ್ಲ.

ಪದದ ಪ್ರಶ್ನೆ ಜಾನಪದ ಅಧ್ಯಯನಕ್ಕೂ ಸೇರಿದ್ದು; ಆ ಅಧ್ಯಯನವೂ ಟೀಕೆಯಿಂದ ಹೊರತಲ್ಲ. ಮಂಗಳಾಜೋಡಿಯ ಮಾರ್ಗದರ್ಶಿಗಳು ಹಕ್ಕಿಗಳ ಇಂಗ್ಲಿಷ್ ಹೆಸರುಗಳನ್ನು, ಕೆಲವರು ವೈಜ್ಞಾನಿಕ ಹೆಸರುಗಳನ್ನೂ, ನಿರರ್ಗಳವಾಗಿ ಹೇಳುವುದನ್ನು ಭೇಟಿಕೊಟ್ಟವರೆಲ್ಲ ಮೆಚ್ಚುಗೆಯಿಂದ ಬರೆದಿದ್ದಾರೆ. ಬೇಟೆಯ ಕಾಲದಲ್ಲಿ ಅವರೇ ಆ ಹಕ್ಕಿಗಳನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಕೇಳಿದವರು ಕಡಿಮೆ. ಬೇಟೆಗಾರನ ಹೆಸರುಗಳು ಬಣ್ಣವನ್ನು ಮಾತ್ರ ಅನುಸರಿಸುವುದಿಲ್ಲ. ಕೂಗು, ಹಾರಾಟದ ಎತ್ತರ, ಮಾಂಸದ ರುಚಿ, ಮೇಯುವ ಹೊತ್ತುಗಳನ್ನು ಹಿಡಿದು ಅವು ಹುಟ್ಟುತ್ತವೆ. ಕರ್ನಾಟಕದ ಕರಾವಳಿಯಲ್ಲಿಯೂ ಪರಿಸ್ಥಿತಿ ಭಿನ್ನವಲ್ಲ. 2024ರಲ್ಲಿ ಮಾಗಡಿ ಕೆರೆಯೊಡನೆ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯಲ್ಲಿ ಚಿಪ್ಪುಮೀನು ಆರಿಸುವವರಿಗೂ, ಗಜನಿಯ ಕಗ್ಗ ಭತ್ತ ಬೆಳೆಯುವವರಿಗೂ ಆ ಕೆಸರಿನಲ್ಲಿ ಮೇಯುವ ಹಕ್ಕಿಗಳು ದಿನನಿತ್ಯದ ಪರಿಚಯ. ಕೈಪಿಡಿಗಳಲ್ಲಿರುವ ಕನ್ನಡ ಹೆಸರುಗಳಲ್ಲಿ ಹಲವು ಮಾತ್ರ ಇಂಗ್ಲಿಷಿನಿಂದ ಅನುವಾದಗೊಂಡವು.

2000ದಲ್ಲಿ ನಡುಹರೆಯದಲ್ಲಿದ್ದು ಕೋವಿಯನ್ನು ಕೆಳಗಿಟ್ಟವರಿಗೆ ಈಗ ಅರವತ್ತು ದಾಟಿದೆ. ಅವರ ನಂತರದ ತಲೆಮಾರು ಹಕ್ಕಿಯನ್ನು ಕಲಿತದ್ದು ಚಿತ್ರಪುಸ್ತಕದಿಂದ ಮತ್ತು ದುರ್ಬೀನಿನಿಂದ. ಆ ಹಿರಿಯರು ಬಲ್ಲ ಹೆಸರುಗಳು, ಹಕ್ಕಿಯನ್ನು ಕರೆಯುತ್ತಿದ್ದ ಅನುಕರಣಧ್ವನಿಗಳು, ನೀರಿನ ಆಳಕ್ಕೂ ಗಾಳಿಗೂ ಇದ್ದ ಪದಗಳು, ದೋಣಿ ನೂಕುವ ಮೊದಲು ಕಾಳಿಜಾಯಿಗೆ ಹೇಳಿಕೊಳ್ಳುವ ಮಾತುಗಳು ಒಂದೇ ಬಾಯಲ್ಲಿವೆ. ಪಕ್ಷಿತಜ್ಞರು ಅವುಗಳ ಮೊದಲ ಅರ್ಧವನ್ನೂ ಜಾನಪದರು ಕೊನೆಯ ಅರ್ಧವನ್ನೂ ಬರೆದುಕೊಂಡು ಬರುವ ಪದ್ಧತಿ ಇನ್ನೂ ಮುಂದುವರಿದಿದೆ.